ಬೆಟ್ಟದ ಕೋತಿ, ನಾಲ್ಕು ಬಣ್ಣ: ಹೊಸ ಗೇಮ್‌ಗೆ ಹಳೇ ಗೇಮ್‌ಬಾಯ್ ರೂಪ ಕೊಡುವ ಬಗೆ

ಹೊಸ ಕಾಲದ ಗೇಮೊಂದನ್ನು ಹಳೇ ಯಂತ್ರದ ಮಿತಿಯೊಳಗೆ ಮತ್ತೆ ಕಟ್ಟುವುದಕ್ಕೆ ಡಿಮೇಕ್ ಅನ್ನುತ್ತಾರೆ. 2010ರಲ್ಲಿ ಎಡ್ ಫ್ರೈಸ್ ಅವರು ಹೇಲೋ ಎಂಬ ಶೂಟಿಂಗ್ ಗೇಮನ್ನು ಅಟಾರಿ 2600 ಎಂಬ ತೀರಾ ಹಳೇ ಯಂತ್ರಕ್ಕೆ ಇಳಿಸಿದರು. ಇಡೀ ಗೇಮ್ ಹಿಡಿದದ್ದು 4 ಕಿಲೋಬೈಟ್‌ನಲ್ಲಿ. ಅದರಲ್ಲಿ ಮೂಲದ ಒಂದು ಚಿತ್ರವೂ ಇಲ್ಲ, ಆದರೂ ಆಡಿದವರಿಗೆ ಇದು ಹೇಲೋ ಎಂದು ಗೊತ್ತಾಗುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಮೂಲ ಗೇಮ್‌ನ ಸ್ಕ್ರೀನ್‌ಶಾಟ್ ತೆಗೆದು, ಚಿಕ್ಕದು ಮಾಡಿ, ಬಣ್ಣ ಕಡಿಮೆ ಮಾಡಿದರೆ ಸಿಗುವುದು ಮಸುಕಾದ ಸ್ಕ್ರೀನ್‌ಶಾಟ್ ಅಷ್ಟೇ.

ಚುಕ್ಕಿ ರಂಗೋಲಿ ಹಾಕುವವರಿಗೆ ಈ ಕೆಲಸದ ಕ್ರಮ ಹೇಳಿಕೊಡಬೇಕಾಗಿಲ್ಲ. ಮೊದಲು ಚುಕ್ಕಿಯ ಲೆಕ್ಕ, ಆಮೇಲೆ ಗೆರೆ. ಚುಕ್ಕಿ ತಪ್ಪಿದರೆ ಕೊನೆಗೆ ಗೆರೆ ಕೂಡಿಕೊಳ್ಳುವುದೇ ಇಲ್ಲ. ಡಿಮೇಕ್‌ನಲ್ಲೂ ಮಿತಿ ಮೊದಲು, ಚಿತ್ರ ಆಮೇಲೆ.

ಈ ಲೇಖನ ಒಂದೇ ಉದಾಹರಣೆಯನ್ನು ಹಿಡಿದು ಮೊದಲಿನಿಂದ ಕೊನೆವರೆಗೆ ಹೋಗುತ್ತದೆ. ಮೂಲ ಗೇಮ್, ಮೆಲ್ಬರ್ನ್‌ನ ಹೌಸ್ ಹೌಸ್ ತಂಡ 2019ರ ಸೆಪ್ಟೆಂಬರ್‌ನಲ್ಲಿ ತಂದ ಅನ್‌ಟೈಟಲ್ಡ್ ಗೂಸ್ ಗೇಮ್. ಹಳ್ಳಿಯೊಂದರಲ್ಲಿ ಹೆಬ್ಬಾತು ಜನರಿಗೆ ಕಾಟ ಕೊಟ್ಟುಕೊಂಡು ತಿರುಗುವ ಆಟ. ನಮ್ಮ ಕೈಯಲ್ಲಿ ಅದು, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಕಂಪನಿಯ ಹಳೇ ಯಂತ್ರ ಗೇಮ್‌ಬಾಯ್‌ನೊಳಗೆ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಬಾಳೆಹಣ್ಣು ಕಿತ್ತುಕೊಂಡು ಓಡುವ ಕೋತಿಯಾಗುತ್ತದೆ. ಹೆಬ್ಬಾತನ್ನು ಯಾಕೆ ಬಿಡಬೇಕು ಅನ್ನುವುದು ಮುಂದೆ ಬರುತ್ತದೆ.

ಮೊದಲು ಕೈ ಏನು ಮಾಡುತ್ತದೆ ನೋಡಿ

ಮೂಲ ಗೇಮನ್ನು ಅರ್ಧ ಗಂಟೆ ಆಡಿ, ಪಕ್ಕದಲ್ಲಿ ಹಾಳೆ ಇಟ್ಟುಕೊಳ್ಳಿ. ಕಥೆ, ಊರು, ಬಣ್ಣ ಯಾವುದನ್ನೂ ಬರೆಯಬೇಡಿ. ಪ್ರತಿ ಸಲ ಬಟನ್ ಒತ್ತಿದಾಗ ಏನು ಮಾಡಿದಿರಿ ಅನ್ನುವ ಕ್ರಿಯಾಪದ ಮಾತ್ರ ಬರೆಯಿರಿ. ಹೆಬ್ಬಾತಿನ ಆಟದಲ್ಲಿ ಸಿಗುವುದು ಇವು: ಕಚ್ಚಿ ಹಿಡಿ, ಕೂಗು, ಓಡು, ತಲೆ ತಗ್ಗಿಸು, ರೆಕ್ಕೆ ಬಿಚ್ಚು. ಗೇಮ್‌ಬಾಯ್‌ನಲ್ಲಿ ದಿಕ್ಕಿನ ಗುಂಡಿ ಬಿಟ್ಟರೆ ಆಟಕ್ಕೆ ಒದಗುವುದು ಎ ಮತ್ತು ಬಿ ಎರಡೇ. ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳನ್ನು ಮೆನುವಿಗೆ ಬಿಡಿ. ಹಾಗಾಗಿ ಐದರಲ್ಲಿ ಎರಡನ್ನು ಮಾತ್ರ ಉಳಿಸಿಕೊಳ್ಳಬಹುದು.

ಯಾವುದನ್ನು ಕೈಬಿಡಬೇಕೆಂದು ತಿಳಿಯಲು ಒಂದೊಂದೇ ಕ್ರಿಯಾಪದವನ್ನು ಬೆರಳಿನಿಂದ ಮುಚ್ಚಿ ನೋಡಿ. ರೆಕ್ಕೆ ಬಿಚ್ಚುವುದನ್ನು ತೆಗೆದರೆ ಆಟ ಉಳಿಯುತ್ತದೆ. ಕೂಗುವುದನ್ನು ತೆಗೆದರೆ ಆಟವೇ ಇಲ್ಲ. ಉಳಿದದ್ದು ಹಿಡಿಯುವುದು ಮತ್ತು ಕೂಗುವುದು. ಎ ಗುಂಡಿಗೆ ಕಿತ್ತುಕೊಳ್ಳುವುದು, ಬಿ ಗುಂಡಿಗೆ ಕಿರುಚುವುದು.

ಗೇಮ್‌ನಲ್ಲಿ ಏನು ಇಲ್ಲ ಅನ್ನುವುದನ್ನೂ ಬರೆದಿಡಿ. ಹೆಬ್ಬಾತು ಸಾಯುವುದಿಲ್ಲ, ಸೋಲುವುದಿಲ್ಲ. ಸಿಕ್ಕಿಬಿದ್ದರೆ ಕದ್ದ ವಸ್ತು ವಾಪಸ್ ಹೋಗುತ್ತದೆ, ಅಷ್ಟೇ. ಹಳೇ ಯಂತ್ರ ಅಂದ ಕೂಡಲೇ ಮೂರು ಜೀವ, ಅಂಕ, ಗೇಮ್ ಓವರ್ ಸೇರಿಸಲು ಕೈ ತುಡಿಯುತ್ತದೆ. ಸೇರಿಸಿದ ದಿನ ಅದು ಬೇರೆ ಆಟವಾಗುತ್ತದೆ.

ಹಕ್ಕಿನ ಮಾತು, ಚಿತ್ರ ಬರೆಯುವ ಮೊದಲೇ

ಗೇಮ್ ಹೇಗೆ ಆಡಬೇಕು ಅನ್ನುವ ವಿಚಾರ ಸಾಮಾನ್ಯವಾಗಿ ಯಾರೊಬ್ಬರ ಸೊತ್ತಲ್ಲ. ಆದರೆ ಅದರ ಪಾತ್ರ, ಚಿತ್ರ, ಸಂಗೀತ, ಹೆಸರು ಮಾಡಿದವರದ್ದು. ಹಣ ತೆಗೆದುಕೊಳ್ಳದೆ ಹಂಚಿದರೂ ಅನುಮತಿ ಸಿಕ್ಕಂತಾಗುವುದಿಲ್ಲ. ಅಭಿಮಾನಿಯೊಬ್ಬರು ಹತ್ತಿರ ಹತ್ತಿರ ಹತ್ತು ವರ್ಷ ಕೂತು ಮಾಡಿದ, ಉಚಿತವಾಗಿಯೇ ಕೊಟ್ಟ, ನಿಂಟೆಂಡೊದ ಮೆಟ್ರಾಯ್ಡ್ 2 ಗೇಮ್‌ನ ಮರುರೂಪವನ್ನು 2016ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ನಿಂಟೆಂಡೊ ನೋಟಿಸ್‌ನಿಂದಾಗಿ ಇಳಿಸಬೇಕಾಯಿತು.

ಹೆಸರು, ಮುಖ ಬದಲಿಸಿ ಉಳಿದುಕೊಂಡವೂ ಇವೆ. ಗ್ರ್ಯಾಂಡ್ ಥೆಫ್ಟ್ ಆಟೋವನ್ನು 8 ಬಿಟ್ ರೂಪಕ್ಕೆ ತರಲು ಶುರುವಾದ ಯೋಜನೆ 2012ರಲ್ಲಿ ರೆಟ್ರೋ ಸಿಟಿ ರ‍್ಯಾಂಪೇಜ್ ಎಂಬ ಸ್ವಂತ ಗೇಮ್ ಆಗಿ ಹೊರಬಂತು. ಸೋನಿಯವರ ಬ್ಲಡ್‌ಬೋರ್ನ್ ಗೇಮ್‌ನ ಮೇಲೆ ಅಭಿಮಾನಿಗಳು ಕಟ್ಟಿದ ಬ್ಲಡ್‌ಬೋರ್ನ್ ಕಾರ್ಟ್, ಸೋನಿಯವರು ಸಂಪರ್ಕಿಸಿದ ಮೇಲೆ 2024ರಲ್ಲಿ ನೈಟ್‌ಮೇರ್ ಕಾರ್ಟ್ ಆಯಿತು.

ಅಭ್ಯಾಸಕ್ಕೆ, ಮನೆಯೊಳಗೆ ಆಡಲು ಹೆಬ್ಬಾತನ್ನೇ ಬರೆಯಿರಿ. ಹೊರಗೆ ಹಂಚುವ ಆಸೆಯಿದ್ದರೆ ಮೊದಲ ದಿನವೇ ಸ್ವಂತ ಪಾತ್ರ, ಸ್ವಂತ ಊರು ಇಟ್ಟುಕೊಳ್ಳಿ. ಎಲ್ಲ ಬರೆದಾದ ಮೇಲೆ ಬದಲಿಸುವುದು ಅರ್ಧ ಕೆಲಸವನ್ನು ಎರಡನೇ ಸಲ ಮಾಡಿದಂತೆ. ಬೆಟ್ಟದ ಕೋತಿ ಬಂದದ್ದು ಹೀಗೆ. ಮೈಸೂರಿನವರಿಗಂತೂ ಅದರ ಗುಣವನ್ನು ವಿವರಿಸಬೇಕಾಗಿಲ್ಲ.

ಯಂತ್ರ ಮತ್ತು ಸಲಕರಣೆ

ಪ್ರೋಗ್ರಾಂ ಬರೆಯಲು ಬರುವವರಿಗೆ ಪಿಕೊ-8 (128×128 ಪರದೆ, 16 ಬಣ್ಣ) ಅಥವಾ ಉಚಿತವಾಗಿ ಸಿಗುವ ಟಿಕ್-80 (240×136, 16 ಬಣ್ಣ) ಎಂಬ ಗೇಮ್ ತಯಾರಿಸುವ ಸಾಫ್ಟ್‌ವೇರ್‌ಗಳು ಚೆನ್ನಾಗಿವೆ. ಕೋಡ್ ಬರೆಯದೆಯೇ ಮೊದಲ ಡಿಮೇಕ್ ಮಾಡಬೇಕೆಂದರೆ ಗೇಮ್‌ಬಾಯ್ ಗೇಮ್ ತಯಾರಿಸುವ ಜಿಬಿ ಸ್ಟುಡಿಯೊ ಸಾಫ್ಟ್‌ವೇರ್ ಆರಿಸಿ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಕೊನೆಗೆ ಕೈಗೆ ಬರುವುದು ನಿಜವಾದ ಗೇಮ್‌ಬಾಯ್‌ನಲ್ಲಿ ಓಡುವ ರಾಮ್ (ROM) ಫೈಲ್, ಅಂದರೆ ಇಡೀ ಗೇಮ್ ಇರುವ ಒಂದು ಫೈಲ್.

1989ರ ಗೇಮ್‌ಬಾಯ್‌ನ ಮಿತಿಗಳನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಪರದೆ 160×144 ಪಿಕ್ಸೆಲ್. ಬಣ್ಣದ ಛಾಯೆ ನಾಲ್ಕು. ಹಿನ್ನೆಲೆಯೆಲ್ಲ 8×8 ಪಿಕ್ಸೆಲ್‌ನ ಟೈಲ್‌ಗಳಿಂದ ಜೋಡಿಸಿದ್ದು. ಹಿನ್ನೆಲೆಯ ಮೇಲೆ ಓಡಾಡುವ ಪಾತ್ರ, ವಸ್ತುಗಳ ಚಿತ್ರಕ್ಕೆ ಸ್ಪ್ರೈಟ್ ಅನ್ನುತ್ತಾರೆ; ಅದರ ತುಣುಕುಗಳು ಒಟ್ಟು 40, ಪರದೆಯ ಒಂದೇ ಅಡ್ಡಗೆರೆಯಲ್ಲಿ 10. ಧ್ವನಿಗೆ ನಾಲ್ಕು ಚಾನಲ್. ಜಿಬಿ ಸ್ಟುಡಿಯೊ ಇದರ ಮೇಲೆ ತನ್ನದೊಂದು ನಿಯಮ ಸೇರಿಸುತ್ತದೆ: ಒಂದು ಸೀನ್‌ನ ಹಿನ್ನೆಲೆಯಲ್ಲಿ ಬೇರೆ ಬೇರೆ ಟೈಲ್‌ಗಳು 192 ಮೀರಬಾರದು.

ಚಿತ್ರಕ್ಕೆ ಲಿಬ್ರೆಸ್ಪ್ರೈಟ್ ಅಥವಾ ಬ್ರೌಸರ್‌ನಲ್ಲೇ ತೆರೆಯುವ ಪಿಸ್ಕೆಲ್ ಸಾಕು, ಎರಡೂ ಉಚಿತ. ಪ್ರಾಜೆಕ್ಟ್ ಫೋಲ್ಡರ್, ಚಿತ್ರದ ಫೈಲ್ ಎರಡಕ್ಕೂ ಇಂಗ್ಲಿಷ್ ಅಕ್ಷರದ, ಜಾಗ ಬಿಡದ ಹೆಸರಿಡಿ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್ ನೋಡಲು ಚಂದ, ಆದರೆ ಬಿಲ್ಡ್ ಮಾಡುವಾಗ (ಗೇಮ್ ಫೈಲ್ ತಯಾರಿಸುವಾಗ) ಅರ್ಥವಾಗದ ದೋಷಸೂಚನೆ ಬಂದು ನಿಲ್ಲುವ ಸಂಭವ ಇರುತ್ತದೆ.

ಬಣ್ಣದ ಅಂಕಿ ತಪ್ಪಬಾರದು

ಜಿಬಿ ಸ್ಟುಡಿಯೊ ಗುರುತಿಸುವ ನಾಲ್ಕು ಛಾಯೆಗಳ ಕೆಂಪು, ಹಸಿರು, ನೀಲಿ ಅಂಕಿಗಳು ಇವು. ತೀರಾ ಕಪ್ಪು 7, 24, 33. ಅದಕ್ಕಿಂತ ತಿಳಿ 48, 104, 80. ಇನ್ನೂ ತಿಳಿ 134, 192, 108. ತೀರಾ ತಿಳಿ 224, 248, 207. ಸ್ಪ್ರೈಟ್‌ನಲ್ಲಿ ಪಾರದರ್ಶಕ ಭಾಗಕ್ಕೆ 101, 255, 0. ಹಿನ್ನೆಲೆಗೆ ನಾಲ್ಕೂ ಛಾಯೆ ಸಿಗುತ್ತವೆ. ಸ್ಪ್ರೈಟ್‌ಗೆ ಸಿಗುವುದು ಮೂರೇ, 48, 104, 80 ಅಲ್ಲಿ ಬಳಸುವಂತಿಲ್ಲ.

ಇವನ್ನು ಪ್ಯಾಲೆಟ್ ಆಗಿ ಉಳಿಸಿ, ಬೇರೆ ಬಣ್ಣ ಮುಟ್ಟಬೇಡಿ. ಪೆನ್ಸಿಲ್ ಸಾಧನ ಮಾತ್ರ ಬಳಸಿ. ಕೆಲವು ಸಾಫ್ಟ್‌ವೇರ್‌ಗಳ ಬ್ರಷ್ ಸಾಧನ ಅಂಚನ್ನು ನಯಗೊಳಿಸಲು ಮಧ್ಯದ ಬಣ್ಣಗಳನ್ನು ತಾನೇ ಸೇರಿಸುತ್ತದೆ. ಜಿಬಿ ಸ್ಟುಡಿಯೊ ಆ ಬಣ್ಣಗಳನ್ನು ಹತ್ತಿರದ ಛಾಯೆಗೆ ತಳ್ಳಿದಾಗ ಅಂಚಿನ ಸುತ್ತ ಕೊಳೆ ಹಿಡಿದಂತೆ ಕಾಣುತ್ತದೆ. ಉಳಿಸುವುದು ಪಿಎನ್‌ಜಿಯಲ್ಲೇ. ಜೆಪೆಗ್ ಆಗಿ ಒಮ್ಮೆ ಉಳಿಸಿದರೂ ಪಿಕ್ಸೆಲ್‌ಗಳು ಕಲಸಿಹೋಗುತ್ತವೆ, ಸರಿಮಾಡುವುದಕ್ಕಿಂತ ಮತ್ತೆ ಬರೆಯುವುದೇ ಬೇಗ.

ಹದಿನಾರು ಪಿಕ್ಸೆಲ್‌ನಲ್ಲಿ ಕೋತಿ

16×16ರ ಚೌಕದಲ್ಲಿ ಪ್ರಾಣಿ ಗುರುತಾಗುವುದು ಅದರ ನೆರಳಿನಿಂದ. ಮೊದಲು ಇಡೀ ಆಕಾರವನ್ನು ಒಂದೇ ಕಪ್ಪಿನಲ್ಲಿ ತುಂಬಿ, ಚಿತ್ರವನ್ನು ನಿಜ ಗಾತ್ರಕ್ಕೆ ಇಳಿಸಿ, ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಕೋತಿ ಅನ್ನಿಸಬೇಕು. ಬೆಕ್ಕು, ನಾಯಿ, ಮಗು ಅನ್ನಿಸಿದರೆ ಕಣ್ಣು ಮೂಗು ಬರೆದು ಪ್ರಯೋಜನವಿಲ್ಲ.

ನೆರಳಿಗೆ ಕೋತಿತನ ಕೊಡುವುದು ಬಾಲ. ಒಂದು ಪಿಕ್ಸೆಲ್ ದಪ್ಪ, ಐದಾರು ಪಿಕ್ಸೆಲ್ ಎತ್ತರ, ತುದಿ ಒಂದು ಪಿಕ್ಸೆಲ್ ಒಳಕ್ಕೆ ಬಾಗಿರಲಿ. ತಲೆಗೆ ಏಳು ಸಾಲು, ಮೈಗೆ ಆರು, ಕಾಲಿಗೆ ಮೂರು. ತಲೆ ಇಷ್ಟು ದೊಡ್ಡದಾ ಅನ್ನಿಸಬಹುದು. ನಿಜವಾದ ಅಳತೆಯಲ್ಲಿ ಬರೆದರೆ ಮುಖಕ್ಕೆ ಮೂರು ಸಾಲೂ ಸಿಗುವುದಿಲ್ಲ. ಮುಖದ ಅಗಲ ಆರು ಪಿಕ್ಸೆಲ್: ಕೆನ್ನೆ ಒಂದು, ಕಣ್ಣು ಒಂದು, ನಡುವೆ ಎರಡು, ಕಣ್ಣು ಒಂದು, ಕೆನ್ನೆ ಒಂದು. ನಮ್ಮ ಕಡೆಯ ಕೋತಿಗೆ ನೆತ್ತಿಯ ಮೇಲೆ ಕೂದಲು ಟೋಪಿ ಇಟ್ಟಂತೆ ಹರಡಿರುತ್ತದೆ. ಮೇಲಿನ ಸಾಲಿನ ನಡುವೆ ಎರಡೇ ಕಪ್ಪು ಪಿಕ್ಸೆಲ್ ಇಟ್ಟರೆ ಅದು ಬಂದುಬಿಡುತ್ತದೆ.

ಕಪ್ಪು ಹೊರಗೆರೆಯನ್ನು ಸುತ್ತಲೂ ಎಳೆಯಬೇಡಿ. ಎರಡೂ ಬದಿ ಗೆರೆಗೆ ಹೋದರೆ ಒಳಗೆ ಉಳಿಯುವುದು ಸ್ವಲ್ಪ, ದೂರದಿಂದ ಶಾಯಿ ಚೆಲ್ಲಿದಂತೆ ಕಾಣುತ್ತದೆ. ಕೆಳಗೆ ಮತ್ತು ಬಲಕ್ಕೆ ಮಾತ್ರ ಕಪ್ಪು, ಮೈಗೆ ನಡುಛಾಯೆ, ಮುಖಕ್ಕೂ ಎದೆಗೂ ತೀರಾ ತಿಳಿ.

ನಡಿಗೆಗೆ ಎದುರು, ಹಿಂದು, ಬಲ ಮೂರು ದಿಕ್ಕು, ದಿಕ್ಕಿಗೆ ಎರಡು ಚಿತ್ರ, ಒಟ್ಟು ಆರು. ಸ್ಪ್ರೈಟನ್ನು ಯಂತ್ರವೇ ತಿರುಗಿಸಿ ತೋರಿಸುವುದರಿಂದ ಎಡದಿಕ್ಕನ್ನು ಬೇರೆಯಾಗಿ ಬರೆಯುವುದು ಬೇಡ. ಕೈಯಲ್ಲಿ ಬಾಳೆಹಣ್ಣು ಹಿಡಿದ ಇನ್ನೊಂದು ಜೊತೆಗೆ ಮತ್ತೆ ಆರು.

16 ಪಿಕ್ಸೆಲ್ ಅಗಲದ ಪಾತ್ರಕ್ಕೆ ಎರಡು ಸ್ಪ್ರೈಟ್ ತುಣುಕು ಬೇಕು. ಅಡ್ಡಗೆರೆಯ ಮಿತಿ 10. ಅಂದರೆ ಒಂದೇ ಸಾಲಿನಲ್ಲಿ ಐದು ಪಾತ್ರ. ಕೋತಿ, ಅಂಗಡಿಯಾಕೆ, ಇಬ್ಬರು ಯಾತ್ರಿಕರು, ಒಂದು ಚೀಲ ಅಕ್ಕಪಕ್ಕ ನಿಂತರೆ ಲೆಕ್ಕ ತುಂಬಿತು. ಆರನೆಯದು ಬಂದಾಗ ಯಾವುದೋ ಒಂದು ಮಾಯವಾಗುತ್ತದೆ ಅಥವಾ ಅರ್ಧ ಕತ್ತರಿಸಿದಂತೆ ಕಾಣುತ್ತದೆ. ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ಅಲುಗಾಡದ ವಸ್ತುಗಳನ್ನೆಲ್ಲ ಹಿನ್ನೆಲೆ ಚಿತ್ರಕ್ಕೆ ಸೇರಿಸಿ, ಪಾತ್ರಗಳನ್ನು ಬೇರೆ ಬೇರೆ ಮೆಟ್ಟಿಲ ಎತ್ತರದಲ್ಲಿ ನಿಲ್ಲಿಸಿ. ಮೆಟ್ಟಿಲೇ ಜಾಗವಾದದ್ದರಿಂದ ಇದು ಸಹಜವಾಗಿಯೂ ಕಾಣುತ್ತದೆ.

ಬೆಟ್ಟಕ್ಕೆ ಟೈಲ್ ಲೆಕ್ಕ

ಒಂದು ಪರದೆಯಲ್ಲಿ 20×18, ಅಂದರೆ 360 ಟೈಲ್ ಜಾಗವಿದೆ. ಬೇರೆ ಬೇರೆಯವು ಇರಬಹುದಾದದ್ದು 192. ಬೆಟ್ಟದ ಫೋಟೊ ಒಂದನ್ನು ಕುಗ್ಗಿಸಿ ಹಾಕಿದರೆ 360ಕ್ಕೆ 360 ಕೂಡ ಬೇರೆಯಾಗಿಯೇ ಇರುತ್ತವೆ, ಮೊದಲ ಪರದೆಯಲ್ಲೇ ಮಿತಿ ದಾಟಿತು. ಹತ್ತುವ ಅನುಭವ ಬರಬೇಕಾದರೆ ಸೀನ್ ಎರಡು ಪರದೆಯಷ್ಟಾದರೂ ಎತ್ತರ ಇರಬೇಕು: 160×288, ಅಂದರೆ 720 ಜಾಗ. ಆಗಲೂ ಮಿತಿ 192 ಮಾತ್ರ.

ನಂದಿಯ ಸೀನ್‌ಗೆ ಒಂದು ಹಂಚಿಕೆ ಹೀಗಿರಬಹುದು:

ಮೆಟ್ಟಿಲು 4
ಬಂಡೆ 12
ಮರ 24
ನಂದಿ 36
ಹೂ, ಹಣ್ಣಿನ ಅಂಗಡಿ 24
ನೆಲ, ಹುಲ್ಲು 6
ಕಟ್ಟೆ 10

ಒಟ್ಟು 116. ಉಳಿದ 76 ಕನ್ನಡ ಬೋರ್ಡಿಗೆ. ಮೆಟ್ಟಿಲಿಗೆ ನಾಲ್ಕೇ ಟೈಲ್ ಸಾಕಾಗುವುದು ಅದು ಮತ್ತೆ ಮತ್ತೆ ಬರುವುದರಿಂದ. ನಂದಿ ಒಂದೇ ಸಲ ಬರುವುದು, ಅದಕ್ಕೇ 48×48 ಪಿಕ್ಸೆಲ್, 36 ಟೈಲ್ ಕೊಟ್ಟದ್ದು. ಜನ ನಿಂತು ನೋಡುವ ಕಡೆ ಖರ್ಚು ಮಾಡಿ, ದಾಟಿಹೋಗುವ ಕಡೆ ಉಳಿಸಿ.

ನಂದಿ ಕಪ್ಪು, ಹಿಂದಿನ ಬಂಡೆಯೂ ಕಪ್ಪಾದರೆ ಎರಡೂ ಒಂದಾಗುತ್ತವೆ. ಬಂಡೆಯನ್ನು ಎರಡನೇ ಛಾಯೆಗೆ ಇಳಿಸಿ, ನಂದಿಯ ಬೆನ್ನಿನ ಗೆರೆಗುಂಟ ಮೂರನೇ ಛಾಯೆಯ ಒಂದೇ ಪಿಕ್ಸೆಲ್ ಬೆಳಕು ಎಳೆಯಿರಿ. ಕೊರಳ ಗಂಟೆಸರಕ್ಕೆ ಒಂದು ಬಿಟ್ಟು ಒಂದರಂತೆ ತೀರಾ ತಿಳಿ ಪಿಕ್ಸೆಲ್ ಇಟ್ಟರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಒಂದು ಬಿಟ್ಟು ಒಂದು ಅನ್ನುವುದನ್ನು ಮೈಯೆಲ್ಲ ಹರಡಬೇಡಿ, ಕಲ್ಲು ಕಂಬಳಿಯಂತಾಗುತ್ತದೆ.

ಮೇಲಿನ ದೇವಸ್ಥಾನದ ಸೀನ್‌ನಲ್ಲಿ ಗೋಪುರ ಬರೆಯುವಾಗ ಒಂದು ಮೋಸವಿದೆ. ಎಡಬಲ ಒಂದೇ ಥರ ಇದೆಯಲ್ಲ, ಅರ್ಧ ಬರೆದು ಕನ್ನಡಿಯಂತೆ ತಿರುಗಿಸಿದರೆ ಟೈಲ್ ಉಳಿಯುತ್ತದೆ ಅನ್ನಿಸುತ್ತದೆ. ಕಪ್ಪುಬಿಳುಪು ಗೇಮ್‌ಬಾಯ್ ಸ್ಪ್ರೈಟನ್ನು ತಿರುಗಿಸಬಲ್ಲದು, ಹಿನ್ನೆಲೆಯ ಟೈಲನ್ನು ತಿರುಗಿಸಲಾರದು. ಬಲಭಾಗಕ್ಕೆ ಪೂರಾ ಲೆಕ್ಕ ಮತ್ತೆ ಬೀಳುತ್ತದೆ. ಉಳಿತಾಯ ಬೇಕಿದ್ದರೆ ಅಂತಸ್ತುಗಳ ಸಾಲಲ್ಲಿ ಒಂದೇ ಗೂಡಿನ ಟೈಲನ್ನು ಅಡ್ಡಕ್ಕೆ ಮರುಬಳಸಿ.

ಕೋತಿಯ ಡಿಕ್ಕಿ ಲೆಕ್ಕ ಇಡೀ ಮೈಗೆ ಅಲ್ಲ, ಕಾಲಬುಡದ 16×8ರ ಪೆಟ್ಟಿಗೆಗೆ. ಆದ್ದರಿಂದ ದಾರಿಯ ಅಗಲ ಎರಡು ಟೈಲ್‌ಗಿಂತ ಕಡಿಮೆ ಆಗಬಾರದು. ಮೂರು ನಾಲ್ಕು ಇದ್ದರೆ ಓಡಲು ಹಿತ.

ಕನ್ನಡ ಅಕ್ಷರ ಕೂರಿಸುವುದು

ಇಲ್ಲಿ ತಾಳ್ಮೆ ಬೇಕು. ಜಿಬಿ ಸ್ಟುಡಿಯೊದ ಅಕ್ಷರದ ಎತ್ತರ 8 ಪಿಕ್ಸೆಲ್, ಅಕ್ಷರಗಳು ಒಂದರ ಪಕ್ಕ ಒಂದು ಕೂರುತ್ತವೆ. ಒತ್ತು ಕೆಳಗೆ ಇಳಿಯಬೇಕು, ಗುಡಿಸು ಮೇಲೆ ಏರಬೇಕು ಅನ್ನುವ ಕನ್ನಡದ ಕಟ್ಟು ಅದಕ್ಕೆ ತಿಳಿಯದು. 8 ಪಿಕ್ಸೆಲ್‌ನಲ್ಲಿ ಕನ್ನಡವನ್ನು ಹಿಸುಕಬೇಡಿ, ಓದುವವರ ಕಣ್ಣು ಸೋಲುತ್ತದೆ. ಕನ್ನಡವನ್ನು ಹಿನ್ನೆಲೆಯ ಚಿತ್ರವಾಗಿ ಬರೆಯಿರಿ.

ಒಂದು ಅಕ್ಷರಕ್ಕೆ 16×16ರ ಮನೆ. ಮೇಲಿನ 3 ಸಾಲು ತಲೆಕಟ್ಟು, ಗುಡಿಸಿಗೆ. ನಡುವಿನ 8 ಸಾಲು ಅಕ್ಷರದ ಮೈಗೆ. ಕೆಳಗಿನ 5 ಸಾಲು ಒತ್ತಕ್ಷರಕ್ಕೆ. ಒಂದು ಮನೆಗೆ ನಾಲ್ಕು ಟೈಲ್, ಸಾಲಿಗೆ ಹತ್ತು ಅಕ್ಷರ, ಪರದೆಗೆ ಒಂಬತ್ತು ಸಾಲು. ಮ ಮತ್ತು ಯ ಮನೆಯನ್ನು ಪೂರ್ತಿ ತುಂಬುತ್ತವೆ. ಸೊನ್ನೆ, ದೀರ್ಘದ ಗುರುತು ಬಂದಲ್ಲಿ ಇನ್ನೊಂದು ಅರ್ಧ ಮನೆ ಬಿಡಿ.

ಅಕ್ಷರಗಳನ್ನು ಮನೆಯ ಗೆರೆ ಬಿಟ್ಟು ಅತ್ತಿತ್ತ ಸರಿಸಬೇಡಿ. ಗೆರೆಗೆ ಸರಿಯಾಗಿ ಕೂತಿದ್ದರೆ ಎರಡನೇ ಸಲ ಬಂದ ಅದೇ ಅಕ್ಷರಕ್ಕೆ ಹೊಸ ಟೈಲ್ ಖರ್ಚಿಲ್ಲ. ಅಂದಕ್ಕೆಂದು ಎರಡು ಪಿಕ್ಸೆಲ್ ಹತ್ತಿರ ಎಳೆದರೆ ಯಂತ್ರಕ್ಕೆ ಅದು ಹೊಸ ಚಿತ್ರ, ನಾಲ್ಕು ಟೈಲ್ ಹೋಯಿತು. ಸೊನ್ನೆಗೆ, ದೀರ್ಘಕ್ಕೆ ಬಿಟ್ಟ ಅರ್ಧ ಮನೆ 8 ಪಿಕ್ಸೆಲ್, ಒಂದು ಟೈಲ್‌ನ ಅಗಲವೇ ಆದ್ದರಿಂದ ಅದರಿಂದ ಗೆರೆ ತಪ್ಪುವುದಿಲ್ಲ.

ರ ಮತ್ತು ಠಗಳ ನಡುವೆ ಇರುವುದು ಒಂದು ಚುಕ್ಕಿ. ದ, ಧ ಮತ್ತು ಬ, ಭಗಳ ನಡುವೆ ಇರುವುದು ಒಂದು ಸೀಳು. ಒಂದೇ ಪಿಕ್ಸೆಲ್ ಇಟ್ಟರೆ ಮೊಬೈಲ್ ಪರದೆಯಲ್ಲಿ ಕಾಣದು, ಎರಡು ಪಿಕ್ಸೆಲ್ ಇಡಿ. ಅನುಮಾನವಿದ್ದರೆ ಆ ಅಕ್ಷರವೇ ಬಾರದ ಪದ ಹುಡುಕಿ.

ಮೂಲ ಗೇಮ್‌ನಲ್ಲಿ ಹೆಬ್ಬಾತಿನ ಕಿತಾಪತಿಗಳ ಪಟ್ಟಿಯೊಂದಿದೆ. ನಮ್ಮ ಪಟ್ಟಿಯನ್ನು ಒಂದು ಪೂರ್ತಿ ಸೀನ್ ಮಾಡಿ ಸ್ಟಾರ್ಟ್ ಗುಂಡಿಗೆ ಕಟ್ಟಿ. 192 ಟೈಲ್ ಅಂದರೆ ಬೇರೆ ಬೇರೆ 48 ಅಕ್ಷರ, ಖಾಲಿ ಕಾಗದಕ್ಕೂ ಒಂದೆರಡು ಬೇಕು. ಗ್ರಾಂಥಿಕ ಕನ್ನಡ ಇಲ್ಲಿ ದುಬಾರಿ. "ಬಾಳೆಹಣ್ಣನ್ನು ಎತ್ತಿಕೊಳ್ಳಿರಿ" ಸಾಲಿನಲ್ಲಿ ಹಿಡಿಯುವುದಿಲ್ಲ. "ಬಾಳೆಹಣ್ಣು ಎತ್ಕೊ" ನಡುವಿನ ಜಾಗವೂ ಸೇರಿ ಏಳು ಮನೆ. "ಚಪ್ಪಲಿ ಬಚ್ಚಿಡು" ಏಳು. "ಟೋಪಿ ಕಿತ್ಕೊ" ದೀರ್ಘದ ಅರ್ಧ ಮನೆ ಸೇರಿ ಐದೂವರೆ. ಮೈಸೂರು, ಮಂಡ್ಯದ ಆಡುಮಾತು ಹಳೇ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಕಿತ್ಕೊ, ಕಿರುಚು, ಓಡು

ಸೀನ್‌ನ ಬಗೆಯನ್ನು ಟಾಪ್ ಡೌನ್ (ಮೇಲಿನಿಂದ ನೋಡುವ ನೋಟ) ಎಂದು ಆರಿಸಿ. ಆಟದ ಸ್ಥಿತಿಯನ್ನು ಅಂಕಿಯಾಗಿ ನೆನಪಿಡುವ ನಾಲ್ಕು ವೇರಿಯಬಲ್ ಸಾಕು: ಕೈಯಲ್ಲಿ, ಹತ್ತಿರ, ನೋಟ, ಬೆಚ್ಚಿದೆ. ಎಲ್ಲದರ ಆರಂಭದ ಬೆಲೆ 0.

ಕಿತ್ತುಕೊಳ್ಳುವುದು: ಬಾಳೆಹಣ್ಣನ್ನು ಆಕ್ಟರ್ ಆಗಿ, ಅಂದರೆ ಹಿನ್ನೆಲೆಯಿಂದ ಬೇರೆಯಾದ ವಸ್ತುವಾಗಿ ಇಡಿ. ಅದರ ಆನ್ ಇಂಟರಾಕ್ಟ್ ಸ್ಕ್ರಿಪ್ಟ್‌ನಲ್ಲಿ (ಎದುರು ನಿಂತು ಎ ಒತ್ತಿದಾಗ ನಡೆಯುವ ಆದೇಶಗಳ ಸಾಲು) ಮೊದಲು ಕೈಯಲ್ಲಿ 0 ಇದೆಯೇ ಎಂದು ಪರೀಕ್ಷೆ. ಇದ್ದರೆ ಅದನ್ನು 1 ಮಾಡಿ, ಕೋತಿಯ ಸ್ಪ್ರೈಟನ್ನು ಹಣ್ಣು ಹಿಡಿದದ್ದಕ್ಕೆ ಬದಲಿಸಿ, ಹಣ್ಣಿನ ಆಕ್ಟರನ್ನು ಡಿಆಕ್ಟಿವೇಟ್ ಮಾಡಿ. ಹೈಡ್ ಬಳಸಬೇಡಿ, ಅದು ಮರೆಮಾಡುವುದು ಚಿತ್ರವನ್ನಷ್ಟೇ.

ಬಿಡುವುದು: ಎಲ್ಲಿ ಬೇಕಾದರೂ ಬಿಡಲು ಕೊಟ್ಟರೆ ವಸ್ತು ಗೋಡೆಯೊಳಗೆ ಬಿದ್ದು ಮತ್ತೆ ಸಿಗದೆ ಆಟ ಅಲ್ಲಿಗೇ ನಿಲ್ಲುತ್ತದೆ. ಮೊದಲ ಪ್ರಯತ್ನದಲ್ಲಿ ಮರದಡಿ, ಬಂಡೆಯ ಸಂದಿ ಹೀಗೆ ಎರಡು ಮೂರು ಜಾಗಗಳಲ್ಲಿ ಟ್ರಿಗರ್ (ಕಾಲಿಟ್ಟರೆ ಸ್ಕ್ರಿಪ್ಟ್ ಓಡಿಸುವ ಕಾಣದ ಪೆಟ್ಟಿಗೆ) ಇಟ್ಟು, ಅಲ್ಲಿ ಕಾಲಿಟ್ಟಾಗ ಮಾತ್ರ ಕೈ ಖಾಲಿಯಾಗಲಿ.

ಕಿರುಚುವುದು: ಅಂಗಡಿಯ ಸುತ್ತ ಒಂದು ಟ್ರಿಗರ್ ಇಡಿ. ಒಳಬಂದಾಗ ಹತ್ತಿರ 1, ಹೊರಹೋದಾಗ 0. ಬಿ ಗುಂಡಿಗೆ ಸ್ಕ್ರಿಪ್ಟ್ ಕಟ್ಟುವ ಕೆಲಸವನ್ನು ಪ್ರತಿ ಸೀನ್‌ನ ಆನ್ ಇನಿಟ್‌ನಲ್ಲೂ (ಸೀನ್ ತೆರೆದ ಕೂಡಲೇ ಓಡುವ ಸ್ಕ್ರಿಪ್ಟ್) ಮಾಡಿ. ಆ ಸ್ಕ್ರಿಪ್ಟ್ ಮೊದಲು ಸದ್ದು ನುಡಿಸಲಿ. ಆಮೇಲೆ ಹತ್ತಿರ 1 ಮತ್ತು ಬೆಚ್ಚಿದೆ 0 ಎರಡೂ ನಿಜವಾದರೆ ಬೆಚ್ಚಿದೆಯನ್ನು 1 ಮಾಡಿ, ಅಂಗಡಿಯಾಕೆಯ ತಲೆ ಮೇಲೆ ಎಮೋಟ್ ಗುಳ್ಳೆ ತೋರಿಸಿ, ಆಕೆ ಮೂರು ಟೈಲ್ ದೂರ ಸರಿದು ಎರಡು ಸೆಕೆಂಡ್ ನಿಂತು ವಾಪಸ್ ಬರಲಿ. ಕೊನೆಯಲ್ಲಿ ಬೆಚ್ಚಿದೆ ಮತ್ತೆ 0. ಆ ಎರಡು ಸೆಕೆಂಡೇ ಆಟ.

ಬೆಚ್ಚಿದೆಯ ಪರೀಕ್ಷೆ ಇಲ್ಲದಿದ್ದರೆ ಮಕ್ಕಳು ಬಿ ಗುಂಡಿಯನ್ನು ಹತ್ತು ಸಲ ಒತ್ತುತ್ತಾರೆ, ಹತ್ತು ಸ್ಕ್ರಿಪ್ಟ್‌ಗಳು ಒಬ್ಬಳೇ ಅಂಗಡಿಯಾಕೆಯನ್ನು ಎಳೆದಾಡಿ ಆಕೆ ಜಾಗ ತಪ್ಪುತ್ತಾಳೆ. ಕೊನೆಯ 0 ಮರೆತರೆ ಮೊದಲ ಸಲ ಬೆಚ್ಚಿದಾಕೆ ಮತ್ತೆಂದೂ ಬೆಚ್ಚುವುದಿಲ್ಲ.

ಕಣ್ಣಿಗೆ ಬೀಳುವುದು: ಟ್ರಿಗರ್ ಒಂದೇ ಕಡೆ ಇರುತ್ತದೆ, ಆಕೆಯ ಮುಖದ ಜೊತೆ ತಿರುಗುವುದಿಲ್ಲ. ಅದಕ್ಕೆ ನೋಟ ಅನ್ನುವ ವೇರಿಯಬಲ್: ಆಕೆ ದಾರಿ ಕಡೆ ತಿರುಗಿದ್ದರೆ 1, ಹೂ ಕಟ್ಟುತ್ತಾ ಬೆನ್ನು ಹಾಕಿದ್ದರೆ 0. ಕೋತಿ ಒಳಬಂದ ಗಳಿಗೆಯಲ್ಲಿ ಮಾತ್ರ ಪರೀಕ್ಷಿಸಿದರೆ ಸಾಲದು. ಕೋತಿ ಮೊದಲೇ ಒಳಗೆ ನಿಂತಿದ್ದು, ಆಕೆ ಆಮೇಲೆ ತಿರುಗಿದರೆ ಟ್ರಿಗರ್ ಮತ್ತೆ ಕೆಲಸ ಮಾಡುವುದಿಲ್ಲ. ಆಕೆ ತಿರುಗುವ ಸ್ಕ್ರಿಪ್ಟ್‌ನಲ್ಲೂ ಹತ್ತಿರ ಮತ್ತು ಕೈಯಲ್ಲಿ ಎರಡನ್ನೂ ನೋಡಿ. ಈ ತಪ್ಪು ಬಹಳ ಜನರ ಗೇಮ್‌ನಲ್ಲಿ ಸಿಗುತ್ತದೆ.

ಬೆನ್ನಟ್ಟಲು ಕೋತಿಯ ಸ್ಥಾನವನ್ನು ಎರಡು ಹೆಚ್ಚುವರಿ ವೇರಿಯಬಲ್‌ಗೆ ತುಂಬಿ, ಆಕೆಯನ್ನು ಅಲ್ಲಿಗೆ ನಡೆಸಿ. ಆಕೆಯ ವೇಗ ಕೋತಿಯದಕ್ಕಿಂತ ಕಡಿಮೆ ಇರಲಿ, ಕಾಡಿಸಿ ಓಡುವ ಸುಖ ಇರುವುದು ಅದರಲ್ಲೇ. ಆಕೆಗೆ ಕೊಲಿಷನ್ ಗ್ರೂಪ್ 1 ಕೊಟ್ಟು, ಸೀನ್‌ನ ಆನ್ ಪ್ಲೇಯರ್ ಹಿಟ್‌ನಲ್ಲಿ (ಆಕೆ ಕೋತಿಗೆ ತಾಗಿದಾಗ ಓಡುವ ಸ್ಕ್ರಿಪ್ಟ್) ಹಣ್ಣನ್ನು ಅಂಗಡಿಗೆ ಮರಳಿಸಿ. ಸದಾ ಓಡುವ ಆನ್ ಅಪ್‌ಡೇಟ್ ಸ್ಕ್ರಿಪ್ಟ್‌ಗಳನ್ನು ಎಲ್ಲ ಪಾತ್ರಕ್ಕೂ ಹಾಕಿದರೆ ಆಟ ತೆವಳುತ್ತದೆ. ಅಂಗಡಿಯಾಕೆಗೆ ಮಾತ್ರ ಇರಲಿ, ಅದರಲ್ಲೂ ನಡುವೆ ವೇಟ್ (ಸ್ವಲ್ಪ ಕಾಯುವ ಆದೇಶ) ಇಡಿ.

ಸದ್ದು

ಚಾನಲ್‌ಗಳು: ಎರಡು ಪಲ್ಸ್, ಒಂದು ವೇವ್, ಒಂದು ನಾಯ್ಸ್. ದನಿಯನ್ನು ಮೇಲಕ್ಕೋ ಕೆಳಕ್ಕೋ ಜಾರಿಸುವ ಸ್ವೀಪ್ ಇರುವುದು ಮೊದಲ ಪಲ್ಸ್‌ನಲ್ಲಿ ಮಾತ್ರ. ಕೋತಿಯ ಕಿರುಚು ಅಲ್ಲಿಗೇ ಸೇರಬೇಕು, ಕೆಳಗಿನಿಂದ ಮೇಲಕ್ಕೆ ಜಾರುವ ಗಿಡ್ಡ ಸದ್ದು, ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ರಾಗದ ಮುಖ್ಯ ಸಾಲನ್ನೂ ಅದೇ ಚಾನಲ್‌ನಲ್ಲಿ ಇಟ್ಟರೆ ಪ್ರತಿ ಕಿರುಚಿಗೂ ಒಂದು ಸ್ವರ ಬಿದ್ದುಹೋಗುತ್ತದೆ. ರಾಗ ಎರಡನೇ ಪಲ್ಸ್‌ಗೆ, ಶ್ರುತಿ ವೇವ್‌ಗೆ, ತಾಳ ನಾಯ್ಸ್‌ಗೆ.

ಪಲ್ಸ್‌ನ ಡ್ಯೂಟಿಯನ್ನು (ಪ್ರತಿ ಅಲೆಯಲ್ಲಿ ಮೇಲೆದ್ದಿರುವ ಪಾಲು) 12.5 ಶೇಕಡಕ್ಕೆ ಇಳಿಸಿದರೆ ದನಿ ತೆಳುವಾಗಿ ಮೂಗಿನಿಂದ ಬಂದಂತಾಗುತ್ತದೆ, ನಾದಸ್ವರದ ನೆನಪಾಗುತ್ತದೆ. ಸ್ವರದಿಂದ ಸ್ವರಕ್ಕೆ ಹಾರದೆ ಜಾರಲು ಟ್ರ್ಯಾಕರ್‌ನ (ಸಂಗೀತ ಬರೆಯುವ ಭಾಗ) 3ನೇ ಎಫೆಕ್ಟ್, ಕಂಪನಕ್ಕೆ 4ನೇದು. ಮೂಲ ಗೇಮ್‌ನಲ್ಲಿ ಹೆಬ್ಬಾತಿನ ನಡವಳಿಕೆಗೆ ತಕ್ಕಂತೆ ಪಿಯಾನೊ ಬದಲಾಗುತ್ತದೆ. ಅದನ್ನು ಹಿಡಿಯಲು ಎರಡು ಟ್ಯೂನ್ ಸಾಕು, ತಿರುಗಾಟಕ್ಕೆ ವಿರಳವಾದದ್ದು, ಬೆನ್ನಟ್ಟುವಾಗ ಬಿರುಸಿನದ್ದು. ಸಿನಿಮಾ ಹಾಡಿನ ರಾಗ ಎತ್ತಿಕೊಳ್ಳಬೇಡಿ, ಪಾತ್ರದ ಹಕ್ಕಿಗೆ ಹೇಳಿದ ಮಾತೇ ಅದಕ್ಕೂ.

ಆಡಿಸಿ ನೋಡುವುದು, ಹೊರಗೆ ಕಳಿಸುವುದು

ಗೇಮ್ ಅನ್ನು ಅದರ ಬಗ್ಗೆ ಏನೂ ಗೊತ್ತಿಲ್ಲದವರ ಕೈಗೆ ಕೊಟ್ಟು ಐದು ನಿಮಿಷ ಬಾಯಿ ಮುಚ್ಚಿ ಕೂರಿ. ಬಿ ಗುಂಡಿ ಕಿರುಚುತ್ತದೆ ಎಂದು ಎಷ್ಟು ಹೊತ್ತಿಗೆ ಗೊತ್ತಾಯಿತು, ಎಲ್ಲಿ ಗೋಡೆಗೆ ತಾಗಿ ನಿಂತರು, ಬೋರ್ಡಿನ ಯಾವ ಅಕ್ಷರ ಓದಲು ತಡವರಿಸಿದರು, ಇಷ್ಟನ್ನು ಬರೆದುಕೊಳ್ಳಿ. ನೀವು ವಿವರಿಸಬೇಕಾಗಿ ಬಂದದ್ದೆಲ್ಲ ಚಿತ್ರದಲ್ಲೋ ಜಾಗದಲ್ಲೋ ಇರುವ ಕೊರತೆ.

ಮೊಬೈಲ್ ಹಿಡಿದು ಮಧ್ಯಾಹ್ನದ ಬಿಸಿಲಿಗೂ ಹೋಗಿ ನೋಡಿ. ಎರಡನೇ, ಮೂರನೇ ಛಾಯೆ ಅಕ್ಕಪಕ್ಕ ಇರುವ ಕಡೆಯೆಲ್ಲ ಕಣ್ಣು ತಪ್ಪುತ್ತದೆ. ದಾರಿಗೂ ಗೋಡೆಗೂ ಕನಿಷ್ಠ ಎರಡು ಛಾಯೆಯ ಅಂತರ ಇರಲಿ.

ಎಕ್ಸ್‌ಪೋರ್ಟ್‌ನಲ್ಲಿ ರಾಮ್ ಮತ್ತು ವೆಬ್ ಎರಡನ್ನೂ ತೆಗೆಯಿರಿ. ರಾಮ್ ಫೈಲನ್ನು ಎಂಜಿಬಿಎ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರನ್ನೇ ಗೇಮ್‌ಬಾಯ್‌ನಂತೆ ನಡೆಸುವ ಸಾಫ್ಟ್‌ವೇರ್) ಮೊದಲಿನಿಂದ ಕೊನೆವರೆಗೆ ಒಮ್ಮೆ ಆಡಿ. ವೆಬ್ ರೂಪವನ್ನು ಗೇಮ್ ಹಂಚುವ ತಾಣವಾದ ಇಚ್.ಐಓಗೆ (itch.io) ಏರಿಸುವಾಗ ಜಿಪ್ ತೆರೆದ ಕೂಡಲೇ ಇಂಡೆಕ್ಸ್ ಫೈಲ್ ಕಾಣಬೇಕು. ಫೋಲ್ಡರ್‌ನೊಳಗೆ ಫೋಲ್ಡರ್ ಆಗಿದ್ದರೆ ಪುಟ ತೆರೆಯುತ್ತದೆ, ಗೇಮ್ ತೆರೆಯುವುದಿಲ್ಲ. ಬ್ರೌಸರ್‌ನಲ್ಲಿ ಆಡುವ ಆಯ್ಕೆ ಹಾಕಿ, ಕಿಟಕಿಯ ಅಳತೆ 640×576 ಕೊಡಿ. ಅದು 160×144ರ ಸರಿಯಾಗಿ ನಾಲ್ಕು ಪಟ್ಟು. 600, 700 ಅಂತ ದುಂಡು ಅಂಕಿ ಹಾಕಿದರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ಸಣ್ಣ ಆಗಿ ಅಕ್ಷರದ ಒತ್ತುಗಳು ಮುರಿದಂತೆ ಕಾಣುತ್ತವೆ.

ಪುಟದ ವಿವರಣೆಯಲ್ಲಿ ಯಾವ ಗೇಮ್‌ನ ಪ್ರೀತಿಯಿಂದ ಇದು ಹುಟ್ಟಿತು ಎಂದು ಮೂಲದವರ ಹೆಸರಿನೊಂದಿಗೆ ಬರೆಯಿರಿ. ಶೀರ್ಷಿಕೆಯಲ್ಲಿ ಮಾತ್ರ ಆ ಹೆಸರು ಬೇಡ. ಅಪ್‌ಲೋಡ್ ಮಾಡುವ ಪ್ರತಿ ರಾಮ್‌ಗೂ ಸಂಖ್ಯೆ ಹಾಕಿ ಹಳೆಯದನ್ನು ತೆಗೆದಿಡಿ. ಒಂದು ದೋಷ ಸರಿಮಾಡಲು ಹೋಗಿ ಅಂಗಡಿಯಾಕೆ ಮತ್ತೆ ಬೆಚ್ಚದಂತಾದರೆ, ಯಾವ ಸಂಖ್ಯೆಯವರೆಗೆ ಬೆಚ್ಚುತ್ತಿದ್ದಳು ಎಂದು ಹಿಂದಕ್ಕೆ ಹೋಗಿ ನೋಡಲು ಅವೇ ಬೇಕಾಗುತ್ತವೆ.